ಕಂಬಿಯ ಮೇಲಿನ ಹೊದಿಕೆ

"ಎಲ್ಲ ಬಟ್ಟೆನೂ ಒಂದೇ ಚೀಲಕ್ಕೆ ತುರುಕಿದ್ದು ಯಾಕೆ ಅಂತ ಕೇಳ್ತಿದೀನಿ," ಎಂದರು ಆರೋಪಿಯ ಪರ ವಕೀಲೆ, ಇನ್ನೊಮ್ಮೆ.

ಪ್ರಯೋಗಾಲಯದ ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಚೀಲ ತುಂಬಿದ್ದು ಪೊಲೀಸರು, ತಮ್ಮ ಕೈಗೆ ಬಂದಾಗ ಸೀಲು ಸರಿಯಾಗಿತ್ತು ಎಂದರು. ಸತ್ತವಳ ಮೈಮೇಲಿನ ಬಟ್ಟೆ, ಅವಳ ದಿಂಬಿನ ಚೀಲ, ಬಾಗಿಲ ಬಳಿಯ ಕಾಲೊರಸು ಎಲ್ಲ ಒಟ್ಟಿಗೇ ಬಿದ್ದಿದ್ದ ಮೇಲೆ, ಬಟ್ಟೆಗೆ ಅಂಟಿದ್ದ ಆರೋಪಿಯ ಕೂದಲು ಕಾಲೊರಸಿನಿಂದ ಬಂದಿಲ್ಲವೆಂದು ಹೇಗೆ ಹೇಳುತ್ತೀರಿ ಎಂದು ವಕೀಲೆ ಪಟ್ಟು ಹಿಡಿದರು. ಸರ್ಕಾರಿ ವಕೀಲರು ಎದ್ದು, ಹೆಗಲ ಮೇಲೂ ಎದೆಯ ಮೇಲೂ ಅಷ್ಟೊಂದು ಕೂದಲು ಸಿಕ್ಕಿರುವಾಗ ಕಾಲೊರಸೇನು ಎದ್ದು ಆಯಮ್ಮನನ್ನು ತಬ್ಬಿಕೊಂಡಿತ್ತೇ ಎಂದು ಕೇಳಿದರು. ಕೋರ್ಟಿನಲ್ಲಿ ನಗು ಎದ್ದಿತು. ಬೆಂಚು ಗುಮಾಸ್ತ ಕೂಡ ತಲೆ ತಗ್ಗಿಸಿ ನಕ್ಕ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಗಳು ನಗಲಿಲ್ಲ. ಸತ್ತವಳು ಅವಳ ತಾಯಿ. ಕಟಕಟೆಯೊಳಗೆ ತಲೆ ತಗ್ಗಿಸಿ ಕೂತವನು ಅವಳ ಗಂಡ. ಹೀಗಾಗಿ ಆ ಕೋಣೆಯಲ್ಲಿ ಯಾವ ಪಕ್ಕದ ಬೆಂಚು ತನ್ನದು ಎನ್ನುವುದೇ ಅವಳಿಗೆ ಮೊದಲ ದಿನದಿಂದ ತಿಳಿದಿರಲಿಲ್ಲ. ಬಾಗಿಲಿಗೆ ಹತ್ತಿರವಿದ್ದದ್ದರಲ್ಲಿ ಕೂರುತ್ತಿದ್ದಳು.

ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಉಗುರಿನ ಸಂದಿಯ ಕಪ್ಪು ಮದುವೆಯ ದಿನವೂ ಹೋಗಿರಲಿಲ್ಲ. ಅತ್ತೆ ಅವನಿಗೆ ಇಟ್ಟ ಹೆಸರು ತುಕ್ಕು. ಅತ್ತೆ ಕೆಳಗಡೆ, ಗಂಡ ಹೆಂಡತಿ ಮಹಡಿಯ ಮೇಲೆ. ಮಧ್ಯೆ ಒಂದು ಮೆಟ್ಟಿಲುಸಾಲು, ಆ ಮೆಟ್ಟಿಲ ಮೇಲೆಯೇ ದಿನಾ ಜಗಳ. ಚಪ್ಪಲಿ ಎಲ್ಲಿ ಬಿಡಬೇಕು, ರೇಡಿಯೋ ಎಷ್ಟು ಜೋರು ಹಾಕಬೇಕು, ನೀರು ಚೆಲ್ಲಿದ್ದು ಯಾರು. "ಈ ತುಕ್ಕು ನನ್ನ ಜೀವ ತಿಂದೇ ತಿನ್ನುತ್ತೆ, ಬರೆದಿಟ್ಕೊಳ್ಳಿ," ಎಂದು ಆಕೆ ಇಡೀ ಬೀದಿಗೆ ಕೇಳುವಂತೆ ಕೂಗಿದ್ದುಂಟು. ಪೊಲೀಸರು ನಿಜಕ್ಕೂ ಬರೆದಿಟ್ಟುಕೊಂಡರು. ಕೋರ್ಟಿನಲ್ಲಿ ಅದನ್ನು ಓದಿದಾಗ ಮಗಳಿಗೇ ಮೈ ಜುಮ್ಮೆಂದಿತು. ಬೈಯುವುದರಲ್ಲಿ ಎಂಥ ಸಲಿಗೆಯಿತ್ತೆಂದು ಕಾಗದಕ್ಕೆ ಏನು ಗೊತ್ತು? ಅದೇ ಬಾಯಿ ಸಂಜೆಗೆ ಮೆಟ್ಟಿಲ ಬುಡದಲ್ಲಿ ನಿಂತು, ತುಕ್ಕು ಉಂಡನಾ ಎಂದು ಕೇಳುತ್ತಿದ್ದದ್ದನ್ನು ಯಾರೂ ಬರೆದುಕೊಂಡಿರಲಿಲ್ಲ.

ತಾಯಿ ಸತ್ತ ದಿನ ಮಧ್ಯಾಹ್ನ ಮಗಳು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಗಂಡ ಊಟಕ್ಕೆ ಬಂದು, ಮಹಡಿಯ ಹೊರಜಗಲಿಯಲ್ಲಿ ಒಂದು ನಿದ್ದೆ ತೆಗೆದು, ಮತ್ತೆ ಅಂಗಡಿಗೆ ಹೋಗಿದ್ದ. ಆಮೇಲೆ ಯಾರೋ ನೋಡಿದಾಗ ಅತ್ತೆ ತಲೆಗೆ ಪೆಟ್ಟು ಬಿದ್ದು ಕೆಳಗೆ ಒರಗಿದ್ದಳು, ಹಿತ್ತಲ ಬಾಗಿಲು ತೆರೆದಿತ್ತು. ಅಂದು ಅತ್ತೆಯ ಹತ್ತಿರ ಸುಳಿಯಲೇ ಇಲ್ಲ ಎಂದು ಗಂಡ ಮೊದಲ ದಿನ ಹೇಳಿದ್ದನ್ನು ಕೊನೆಯವರೆಗೂ ಬದಲಿಸಲಿಲ್ಲ. ಹಾಗಿದ್ದರೆ ಅವನ ಕೂದಲು ಅವಳ ಎದೆಯ ಮೇಲೆ ಬಂದದ್ದು ಹೇಗೆ? ಹೊಲಿಗೆ ಯಂತ್ರದ ಎಣ್ಣೆ ಅವಳ ಹೆಗಲಿಗೆ ತಾಗಿದ್ದು ಹೇಗೆ? ಜೈಲಿನ ಜಾಲರಿಯ ಆಚೆ ಅವನು, ಈಚೆ ಇವಳು, ಅಂಗಡಿ ಬಾಡಿಗೆ, ಹಲ್ಲುನೋವು ಎಲ್ಲ ಮಾತಾಡುತ್ತಿದ್ದರು; ಅದೊಂದನ್ನು ಬಿಟ್ಟು. ಒಂದೇ ಒಂದು ಸಲ ಬಾಯಿಬಿಟ್ಟು ಕೇಳಬೇಕೆಂದು ಹೋಗಿ, ಕೇಳಲಾಗದೆ, ಹಾಗೆಯೇ ವಾಪಸು ಬರುತ್ತಿದ್ದಳು. ಗಂಡನ ಮೇಲೆ ಸಂಶಯವಿಟ್ಟುಕೊಂಡು ಅವನಿಗೆ ಬುತ್ತಿ ಒಯ್ಯುವ ಹಿಂಸೆ ಶತ್ರುವಿಗೂ ಬೇಡ.

ಎದುರುಸಾಲಿನ ಗುಂಡಿ-ದಾರದ ಅಂಗಡಿಯವಳಿಗೆ ಬೀದಿಯವರೆಲ್ಲ ಕಿಟಕಿ ಅತ್ತೆ ಎನ್ನುತ್ತಿದ್ದರು. ಅವಳ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ಬೆಕ್ಕೂ ದಾಟುತ್ತಿರಲಿಲ್ಲ. ಕೆಳಮನೆಯ ಬೀಗದ ಕೈಯನ್ನು ಪೊಲೀಸರು ವಾಪಸು ಕೊಟ್ಟ ಮೇಲೆ ತಾಯಿಯ ಕೋಣೆ ಗುಡಿಸಲು ಅವಳೂ ಕೈಜೋಡಿಸಿದಳು. ಮಗಳು ಕಿಟಕಿಯ ಮುಂದೆ ನಿಂತುಬಿಟ್ಟಳು. ಇದೇ ಕಿಟಕಿಯಿಂದ ಜನ ಇಣುಕಿದ್ದರು. ತಾಯಿ ಬಿದ್ದ ರಭಸಕ್ಕೆ ಬಟ್ಟೆ ತೊಡೆಯವರೆಗೆ ಸರಿದಿದ್ದದ್ದನ್ನು ಪೊಲೀಸರ ಫೋಟೋಗಳಲ್ಲಿ ಕಂಡಿದ್ದಳು. ಹಿಮ್ಮಡಿ ಕಾಣದಂತೆ ಬಟ್ಟೆ ಉಡುತ್ತಿದ್ದ ಹೆಂಗಸು. ಸಾವಿಗಿಂತಲೂ ಅದೇ ಮಗಳ ನಿದ್ದೆ ಕೆಡಿಸಿತ್ತು.

ಅಮ್ಮನನ್ನು ಊರೆಲ್ಲ ಹಾಗೆ ನೋಡಿತಲ್ಲ ಎಂದು ಆಡಿಯೂಬಿಟ್ಟಳು. ಕಿಟಕಿ ಅತ್ತೆ ಪೊರಕೆ ಕೆಳಗಿಟ್ಟಳು.

"ಯಾರೇ ಹೇಳಿದ್ದು ನಿನಗೆ? ಜನ ಕೂಡೋಷ್ಟರಲ್ಲಿ ಠಾಣೆ ದಫೇದಾರ್ರು ಬಂದ್ರಲ್ಲ. ಎಲ್ಲರನ್ನೂ ಗದರಿ ಓಡಿಸಿ, ಎಲ್ಲಿಂದಲೋ ಒಂದು ಬಟ್ಟೆ ತಂದು ಕತ್ತಿನವರೆಗೆ ಹೊದಿಸಿಬಿಟ್ರು. ನಾನೇ ಏನೂ ಕಾಣಲಿಲ್ಲ ಅಂದ್ಮೇಲೆ ಇನ್ಯಾರು ಕಂಡಿರ್ತಾರೆ?"

ಮಗಳು ತಾಯಿಯ ಮಂಚದ ಮೇಲೆ ಕೂತು ಗೋಳೋ ಎಂದು ಅತ್ತಳು. ಇಷ್ಟು ದಿನದಲ್ಲಿ ಹೊಟ್ಟೆ ತಣ್ಣಗಾಗುವಂಥ ಒಂದು ಮಾತು ಕಿವಿಗೆ ಬಿದ್ದದ್ದು ಅದೇ ಮೊದಲು.

ಆ ವಾರದ ರಜೆಯಲ್ಲೇ ದಫೇದಾರರ ಮನೆ ಹುಡುಕಿಕೊಂಡು ಹೋದಳು. ಹೋದದ್ದು ಉಪಕಾರ ಹೇಳಲಿಕ್ಕೆ. ಬೇರೆ ಯಾವ ಯೋಚನೆಯೂ ತಲೆಯಲ್ಲಿರಲಿಲ್ಲ. ದಫೇದಾರರು ಪ್ಯಾಂಟು ಮೊಣಕಾಲಿನವರೆಗೆ ಮಡಚಿ ನೀರಿನ ತೊಟ್ಟಿಯೊಳಗೆ ಇಳಿದು ಪಾಚಿ ತಿಕ್ಕುತ್ತಿದ್ದರು. ಆರೋಪಿಯ ಹೆಂಡತಿಯನ್ನು ಕಂಡು ಅವರಿಗೆ ತೊಟ್ಟಿಯಿಂದ ಹತ್ತಬೇಕೋ, ಅಲ್ಲೇ ಕೂತುಬಿಡಬೇಕೋ ತಿಳಿಯಲಿಲ್ಲ. ಅವರ ಹೆಂಡತಿ ಬಂದು, ಮೊದಲು ಕಾಲು ಒರೆಸಿಕೊಳ್ಳಿ ಎಂದು ಗಂಡನನ್ನು ಗದರಿ, ಬಂದವಳನ್ನು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟಳು.

"ನಮ್ಮಮ್ಮನಿಗೆ ನೀವು ಬಟ್ಟೆ ಹೊದಿಸಿದ್ರಂತೆ ಸಾರ್. ನನಗೆ ಮೊನ್ನೆವರೆಗೂ ಗೊತ್ತಿರಲಿಲ್ಲ," ಎಂದಳು ಮಗಳು. "ಊರೆಲ್ಲ ನೋಡ್ತು ಅಂದ್ಕೊಂಡು ಇಷ್ಟು ದಿನ ಒದ್ದಾಡಿದೀನಿ. ನಿಮ್ಮ ಋಣ ನಾನು ಹೇಗೆ ತೀರಿಸಲಿ?"

"ಬಿಡಮ್ಮ, ಅದೇನು ದೊಡ್ಡದು. ನಮ್ಮ ತಾಯಿ ಆಗಿದ್ರೆ ನಾನು ನೋಡ್ಕೊಂಡು ನಿಂತಿರ್ತಿದ್ನಾ?"

ಅವರಿಗೆ ನಾಚಿಕೆಯಾಗಿತ್ತು. ಹೊಗಳಿಕೆಯ ಅಭ್ಯಾಸವಿಲ್ಲದ ಮನುಷ್ಯ. ಅದಕ್ಕೇ ಇರಬೇಕು, ಬೇಕಾದದ್ದಕ್ಕಿಂತ ಹೆಚ್ಚು ಮಾತಾಡಿದರು. ಆ ಕೋಣೆಯಲ್ಲಿ ಕೈಗೆ ಏನೂ ಸಿಗಲಿಲ್ಲವಂತೆ, ಓಡಿ ಮೆಟ್ಟಿಲು ಹತ್ತಿದರಂತೆ. ಮಹಡಿಯ ಕಂಬಿಯ ಮೇಲೆ ಒಂದು ನೀಲಿ ಹೊದಿಕೆ ನೇತಾಡುತ್ತಿತ್ತು, ಅದನ್ನೇ ಎಳೆದು ತಂದರು. ಇನ್‌ಸ್ಪೆಕ್ಟರ ಜೀಪಿನ ಸದ್ದು ಕೇಳಿದಾಗ ತೆಗೆದುಬಿಟ್ಟರು, ಏಕೆಂದರೆ ಹೆಣದ ಹತ್ತಿರ ಏನನ್ನೂ ಮುಟ್ಟಬಾರದೆಂಬುದು ಇಲಾಖೆಯ ನಿಯಮ. ಸಾಹೇಬರು ಬಂದ ಮೇಲೆ ಇನ್ನು ಜನರ ಭಯವಿಲ್ಲವಲ್ಲ.

"ಇನ್ನೊಬ್ಬರ ಮನೆ ವಸ್ತು ನೋಡಮ್ಮ, ತೆಗೆದ ಜಾಗಕ್ಕೇ ವಾಪಸು ಹಾಕಿದೆ," ಎಂದರು. "ಒಂದೇ ಬೇಜಾರು. ಆ ಹೊದಿಕೆ ಎಣ್ಣೆ ವಾಸನೆ ಹೊಡೀತಿತ್ತು. ಆ ತಾಯಿಗೆ ಇನ್ನೊಂಚೂರು ಚೆನ್ನಾಗಿರೋದು ಸಿಕ್ಕಿದ್ರೆ ಅನ್ನಿಸ್ತು."

ಮಗಳು ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟಳು. ಆ ನೀಲಿ ಹೊದಿಕೆ ಗಂಡ ಮಧ್ಯಾಹ್ನ ಹೊದ್ದು ಮಲಗುತ್ತಿದ್ದದ್ದು. ಎಷ್ಟು ಒಗೆದರೂ ಎಣ್ಣೆ ಜಿಡ್ಡು ಬಿಡದ ಅದಕ್ಕೆ ಒಳಮನೆಗೆ ಪ್ರವೇಶವಿಲ್ಲವೆಂದು ಅವಳೇ ಕಟ್ಟಪ್ಪಣೆ ಮಾಡಿ ಕಂಬಿಯ ಮೇಲೆ ಹಾಕಿಸಿದ್ದಳು. ಅವಳು ಅದನ್ನು ಹೇಳಿದಳು. ಪ್ರಯೋಗಾಲಯದ ವರದಿಯಲ್ಲಿ ಏನಿದೆಯೆಂಬುದನ್ನೂ ಹೇಳಿದಳು. ದಫೇದಾರರು ವಿಚಾರಣೆಯ ಆರಂಭದಲ್ಲಿ ಸಾಕ್ಷಿ ಹೇಳಿ ಹೋದವರು ಮತ್ತೆ ಆ ಕಡೆ ತಲೆಹಾಕಿರಲಿಲ್ಲ. ಅಲ್ಲಿ ಏನೇನು ಓದಿದರೆಂಬುದು ಅವರಿಗೆ ಗೊತ್ತಿರಲಿಲ್ಲ. ಕೂದಲು ಎಂದಷ್ಟೇ ಅವಳು ಅಂದಿದ್ದಳು, ಅವರ ಮುಖ ಬಿಳಿಚಿಕೊಂಡಿತು. ಹೊದಿಕೆಯಿಂದ ಹೆಣಕ್ಕೆ ಏನೇನು ಅಂಟಿತೆಂದು ಪೊಲೀಸು ಕೆಲಸದಲ್ಲಿ ತಲೆ ನರೆತವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾನು ಏನೂ ಮುಟ್ಟಿಲ್ಲ ಅಂತ ಪ್ರಮಾಣ ಮಾಡಿ ಹೇಳಿಬಿಟ್ಟಿದೀನಿ," ಎಂದರು, ಯಾರಿಗೂ ಅಲ್ಲದ ಹಾಗೆ.

ಅವರ ಹೆಂಡತಿ ಬಾಗಿಲಿಗೆ ಒರಗಿ, ಹೊದಿಸಿದ್ದು ತಪ್ಪಾ ಎಂದು ಕೇಳಿದಳು. ಹೊದಿಸಿದ್ದಲ್ಲ ಕಣೇ, ಅದನ್ನ ಹೇಳದೆ ಇದ್ದದ್ದು ಎಂದರು.

"ನಾನು ಏನೂ ಕೇಳೋಕೆ ಬಂದಿದ್ದಲ್ಲ ಸಾರ್," ಎಂದಳು ಮಗಳು. "ದೇವರಾಣೆಗೂ ಉಪಕಾರ ಹೇಳೋಕೆ ಬಂದೆ."

"ಗೊತ್ತಮ್ಮ. ಚಹಾ ಕುಡಿ, ಆರಿಹೋಗ್ತದೆ."

ಬೀದಿಗೆ ಇಳಿದು ಅವಳು ಯಾರದೋ ಕಾಂಪೌಂಡಿನ ಗೋಡೆ ಹಿಡಿದು ನಿಂತಳು. ಅವನು ಮುಟ್ಟಿಲ್ಲ. ನನ್ನ ಗಂಡ ನನ್ನ ತಾಯಿಯನ್ನು ಮುಟ್ಟಿಲ್ಲ. ಎದೆಯ ಮೇಲೆ ಕೂತಿದ್ದ ಕಲ್ಲು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ನಾಳೆ ದಫೇದಾರರು ಬಾಯಿಗೆ ಬೀಗ ಹಾಕಿಕೊಂಡರೂ, ಕೋರ್ಟು ಏನೇ ಹೇಳಿದರೂ, ಇಷ್ಟನ್ನು ಅವಳಿಂದ ಯಾರೂ ಕಿತ್ತುಕೊಳ್ಳುವ ಹಾಗಿರಲಿಲ್ಲ. ಆ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತೇನೋ, ಗಂಡ ಒಳಗೆ ಕೂತಿರುವುದು ಅವರ ಕೈಯಿಂದಲೇ ಅಲ್ಲವೇ? ಎಷ್ಟು ಹುಡುಕಿದರೂ ಸಿಟ್ಟು ಸಿಗಲಿಲ್ಲ. ಒಂದೇ ಕೈ ತಾಯಿಯ ಮಾನವನ್ನೂ ಉಳಿಸಿತ್ತು, ಈಗ ಗಂಡನನ್ನೂ ಕೊಟ್ಟಿತ್ತು.

ಹೊದಿಕೆ ಮನೆಯಲ್ಲೇ ಇತ್ತು. ಗಂಡನನ್ನು ಹಿಡಿದೊಯ್ದ ಮೇಲೆ ಅದನ್ನು ಒಗೆಯಲೂ ಮನಸ್ಸಾಗದೆ, ಬಿಸಾಡಲೂ ಮನಸ್ಸಾಗದೆ ಟ್ರಂಕಿನೊಳಗೆ ಹಾಕಿದ್ದಳು. ವಕೀಲೆಯ ಮುಂದೆ ಬಿಚ್ಚಿ ನೋಡಿದಾಗ ಅಂಚಿನಲ್ಲಿ ಒಂದು ಕಂದು ಕಲೆ ಕಂಡಿತು. ತಾಯಿಯ ರಕ್ತವೇ ಇರಬೇಕು. ವಕೀಲೆಗೆ ಖುಷಿಯಾಗುತ್ತದೆ ಎಂದುಕೊಂಡಿದ್ದರೆ, ಅವರು ಹಣೆ ಗಟ್ಟಿಸಿಕೊಂಡರು.

"ಇದನ್ನ ನಾವು ಕೊಟ್ಟು, ಆ ಮನುಷ್ಯ ಬಾಯಿ ಬಿಡಲಿಲ್ಲ ಅಂದ್ರೆ ಮುಗೀತು. ಗುಂಡಿ ಅಂಗಡಿಯವಳಿಗೆ ಅದು ಯಾವ ಬಟ್ಟೆ ಅಂತ ಗೊತ್ತಿಲ್ಲ. ಕೊಂದವನೇ ತನ್ನ ಹೊದಿಕೆಗೆ ಕೈ ಒರೆಸಿದ ಅಂತಾರೆ. ನಾವೇ ಉರುಳು ಹೊಸೆದು ಕೊಟ್ಟ ಹಾಗೆ."

ಹೋಗಿ ಒಂದು ಮಾತು ಕೇಳಿಕೊಂಡು ಬಾ ಎಂದು ವಕೀಲೆ ಹೇಳಿದರು. ಮಗಳು ಒಪ್ಪಲಿಲ್ಲ. ಉಪಕಾರ ಹೇಳಿ ಬಂದ ಬಾಗಿಲಿಗೆ ಬೇಡಲು ಹೋಗುವುದಿಲ್ಲ ಎಂದಳು. ಹಟಮಾರಿ ಎಂದು ವಕೀಲೆ ಬೈದರು. ತಾಯಿಯ ಹಟವೇ ಅವಳಿಗೂ ಬಂದಿತ್ತು. ಬೈದರೂ ಅವಳು ಜಗ್ಗಲಿಲ್ಲ, ಆದರೆ ಆ ನಾಲ್ಕಾರು ದಿನ ಊಟ ಸೇರಲಿಲ್ಲ, ಹೊಲಿದ ಕಾಲರುಗಳನ್ನೆಲ್ಲ ಮೇಸ್ತ್ರಿ ಬಿಚ್ಚಿಸಿದ.

ಕೇಳಬೇಕಾಗಿ ಬರಲಿಲ್ಲ. ಒಂದು ಬೆಳಿಗ್ಗೆ ವಕೀಲೆ ಕಚೇರಿ ತೆರೆಯಲು ಬಂದರೆ ದಫೇದಾರರು ಮೆಟ್ಟಿಲ ಮೇಲೆ ಕೂತಿದ್ದರು. ಇನ್‌ಸ್ಪೆಕ್ಟರಿಗೆ ಮೊದಲೇ ಹೇಳಿಯಾಗಿತ್ತಂತೆ. ಬಾಯಿಮುಚ್ಚಿಕೊಂಡು ನಿವೃತ್ತಿಯಾಗು, ಇಲ್ಲದಿದ್ದರೆ ನಿನ್ನ ಜೊತೆ ಠಾಣೆಯ ಮಾನವೂ ಹೋಗುತ್ತದೆ ಎಂದು ಸಾಹೇಬರು ಕೂಗಾಡಿದರಂತೆ. ಇಷ್ಟನ್ನು ಹೇಳಿ, ಎಲ್ಲಿ ಸಹಿ ಮಾಡಬೇಕು ಎಂದು ಕೇಳಿದರು.

ಅವರನ್ನು ಮತ್ತೆ ಸಾಕ್ಷಿಗೆ ಕರೆದ ದಿನ ಕೋರ್ಟು ಕಿಕ್ಕಿರಿದಿತ್ತು. ಹೊದಿಕೆಯ ಕಲೆ ತಾಯಿಯ ರಕ್ತವೆಂದು, ಅದರ ತುಂಬ ಅಳಿಯನ ಕೂದಲಿದೆಯೆಂದು ಪ್ರಯೋಗಾಲಯದಿಂದ ಬಂದಿತ್ತು. ಇನ್ನು ಎಲ್ಲವೂ ನಿಂತಿದ್ದದ್ದು ಈ ಒಬ್ಬರ ಮಾತಿನ ಮೇಲೆ. ಇಲಾಖೆಯ ವಿಚಾರಣೆ ಶುರುವಾಗಿದ್ದರಿಂದ ಅವರು ಸಮವಸ್ತ್ರದಲ್ಲಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಸರ್ಕಾರಿ ವಕೀಲರು ಎದ್ದರು.

"ಅವತ್ತು ಏನೂ ಮುಟ್ಟಿಲ್ಲ ಅಂದಿದ್ರಿ. ಇವತ್ತು ಮುಟ್ಟಿದೆ ಅಂತೀರಿ. ಸುಳ್ಳು ಹೇಳಿದ್ದು ಯಾವತ್ತು?"

"ಅವತ್ತು, ಸ್ವಾಮಿ."

"ಆರೋಪಿಯ ಹೆಂಡತಿ ನಿಮ್ಮ ಮನೆಗೆ ಬಂದಿದ್ದಳು, ಹೌದಲ್ಲ? ಏನು ಕೇಳಿದಳು?"

"ಏನೂ ಕೇಳಲಿಲ್ಲ. ಅವರಮ್ಮನಿಗೆ ಹೊದಿಸಿದ್ದಕ್ಕೆ ಉಪಕಾರ ಹೇಳೋಕೆ ಬಂದಿದ್ರು. ಆಮೇಲೂ ಬಂದು ಕೇಳಲಿಲ್ಲ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವರ ಕಡೆ ತಿರುಗಿದರು. ಇಷ್ಟು ವರ್ಷ ಕೆಲಸ ಮಾಡಿದವರಿಗೆ ನಿಯಮ ಗೊತ್ತಿರಲಿಲ್ಲವೇ ಎಂದು ಕೇಳಿದರು.

"ಗೊತ್ತಿತ್ತು ಸ್ವಾಮಿ," ಎಂದರು ದಫೇದಾರರು. "ಕಿಟಕಿ ತುಂಬ ಮುಖಗಳಿದ್ವು."

ಕೂದಲು ಮತ್ತು ಎಣ್ಣೆಯ ವರದಿ ಬಿಟ್ಟರೆ ಇನ್ನೇನಿದೆ ಎಂದು ನ್ಯಾಯಾಧೀಶರು ಸರ್ಕಾರಿ ವಕೀಲರನ್ನು ಕೇಳಿದರು. ಅವರು ಹಾಳೆ ತಿರುವಿ ತಿರುವಿ, ಅತ್ತೆ ಅಳಿಯನ ಜಗಳ ಬೀದಿಗೆಲ್ಲ ಗೊತ್ತು ಎಂದರು. ಬೀದಿಗೆ ಗೊತ್ತಿರುವ ಜಗಳಕ್ಕೆಲ್ಲ ಜನರನ್ನು ಒಳಗೆ ಹಾಕುವುದಾದರೆ ಹೊರಗೆ ಬಾಗಿಲು ಕಾಯಲಿಕ್ಕೂ ಯಾರೂ ಉಳಿಯುವುದಿಲ್ಲ ಎಂದರು ನ್ಯಾಯಾಧೀಶರು. ತೆರೆದಿದ್ದ ಹಿತ್ತಲ ಬಾಗಿಲಿನಿಂದ ಬಂದವರು ಯಾರೆಂದು ಇನ್ನಾದರೂ ಹುಡುಕಿ ಎಂದು ಹೇಳಿ, ಆರೋಪಿಯನ್ನು ಬಿಡುಗಡೆ ಮಾಡುವ ಆದೇಶವನ್ನು ಅಲ್ಲೇ ಬರೆಸತೊಡಗಿದರು. ಬೆರಳಚ್ಚು ಯಂತ್ರದ ಸದ್ದು ಶುರುವಾಯಿತು. ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ನೀವಿನ್ನು ಹೋಗಬಹುದು ಎಂದು ಬೆಂಚು ಗುಮಾಸ್ತ ದಫೇದಾರರಿಗೆ ಹೇಳಿದ. ಅವರು ಸಾಕ್ಷಿಕಟ್ಟೆ ಇಳಿದು ಬೆಂಚುಗಳ ನಡುವೆ ಬಾಗಿಲ ಕಡೆ ನಡೆದರು. ಅವರ ಠಾಣೆಯವರು ಒಂದು ಸಾಲು ತುಂಬ ಕೂತಿದ್ದರು. ಇನ್‌ಸ್ಪೆಕ್ಟರು ಗೋಡೆ ನೋಡಿದರು, ಉಳಿದವರು ನೆಲ ನೋಡಿದರು.

ಆಗ ಕಟಕಟೆಯೊಳಗೆ ಅವಳ ಗಂಡ ಎದ್ದು ನಿಂತ. ಕಾವಲಿನವನು ಅವನ ಹೆಗಲ ಮೇಲೆ ಕೈ ಇಟ್ಟು ಒತ್ತಿದ. ಅವನು ಕೂರಲಿಲ್ಲ. ಹಿಂದಿನ ಬೆಂಚಿನಲ್ಲಿ ಮಗಳೂ ಎದ್ದಳು. ಬಿಳಿ ಅಂಗಿ ಬಾಗಿಲು ದಾಟಿ, ಜಗಲಿ ದಾಟಿ, ಬಿಸಿಲಿಗೆ ಇಳಿದು ಮರೆಯಾಗುವವರೆಗೆ ಇಬ್ಬರೂ ಹಾಗೇ ನಿಂತಿದ್ದರು. ಬೆರಳಚ್ಚು ನಿಂತಿತ್ತು. ನ್ಯಾಯಾಧೀಶರು ಒಮ್ಮೆ ತಲೆಯೆತ್ತಿ ನೋಡಿದರು. ಕೂತುಕೊಳ್ಳಿ ಎಂದು ಅವರೂ ಹೇಳಲಿಲ್ಲ.