ತಣಿಯುವ ಮುನ್ನ

ಚಿಮಟದ ತುದಿಗೆ ಅಂಟಿಕೊಂಡ ಚೂರು ಬಿಡುತ್ತಲೇ ಇಲ್ಲ, ಕೊಡವಿದರೂ ಇಲ್ಲ, ಅಕ್ಕ ಒಣಗಿಸಿದ ಹಣ್ಣೂ ಅಕ್ಕನ ಹಾಗೆಯೇ, ಹಿಡಿದರೆ ಬಿಡುವುದಲ್ಲ — ಬಿತ್ತು ಕೊನೆಗೆ, ಪ್ಲಾಸ್ಟಿಕ್ ಬಟ್ಟಲಿನ ತಳ ಮುಚ್ಚಿದರೆ ಸಾಕು, ಅರ್ಧ ಮೀರಬಾರದು, ಅಂಚಿಗೆ ತಾಗಬಾರದು, ಉಸಿರನ್ನೂ ಅತ್ತ ತಿರುಗಿ ಬಿಡಬೇಕು, ಮೀಟರಿನ ಮುಚ್ಚಳ, ಬೇಗ. ಎಷ್ಟು ನೀರಿದೆ ಅಂತ ನೋಡೋದೇನೆ ಇದು, ಅಕ್ಕ ಕೇಳಿದ್ದಳು, ಅಲ್ಲಕ್ಕ, ಬೂಷ್ಟಿಗೆ ಕುಡಿಯೋಕೆ ಎಷ್ಟು ಸಿಗುತ್ತೆ ಅಂತ, ಓ, ಹಂಗಾದ್ರೆ ಬೂಷ್ಟಿನ ಮನೆ ನಲ್ಲಿಗೆ ಮೀಟರು ಅನ್ನು, ಅಂದು ತಾನೇ ನಕ್ಕಳು, ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಅವಳು ನಕ್ಕಿದ್ದನ್ನು ನೋಡಿದ್ದು ಆವತ್ತೇ. ಸೊನ್ನೆ ಪಾಯಿಂಟ್ ಆರು ಐದರ, ನಮ್ಮ ಲ್ಯಾಬಿನ ಬಾಯಲ್ಲಿ ಅರವತ್ತೈದರ, ಒಳಗಿದ್ದರೆ ಅಂಗಡಿಯವರು ತಿಂಗಳು ತಿಂಗಳು ತಗೊಳ್ತಾರಂತೆ, ಇನ್ನು ಯಾರ ಮುಂದೆಯೂ ಕೆಲಸ ಕೇಳಬೇಕಿಲ್ಲ. ಇವತ್ತಿನದು ನಲವತ್ತೆಂಟು, ಪಾಸು, ಪಾಸೇನೋ ಹೌದು, ಆದರೆ ಚಾಕು ಜಾರುವಷ್ಟು ಗಟ್ಟಿ, ಹಲ್ಲಿದ್ದವರಿಗೇ ಕಷ್ಟ, ಕಳೆದ ಸಲ ಫೇಲಾದ ಹೆದರಿಕೆಗೆ ಎರಡು ದಿನ ಹೆಚ್ಚು ಒಣಗಿಸಿದ್ದಾಳೆ. ಈಗ ಮೀಟರಿಗೆ ಹಾಕಿದ್ದು ಕಳೆದ ಸಲದ್ದೇ, ಕಪಾಟಿನಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದ ಉಳಿಕೆ, ಹಳೇದನ್ನೂ ಒಂದ್ಸಲ ಹಾಕಿ ನೋಡಮ್ಮ, ಎಷ್ಟು ಇಳಿದಿದೆ ಅಂತ ಗೊತ್ತಾಗುತ್ತೆ, ಅಂದರು ಲ್ಯಾಬಿನ ಮೇಲಧಿಕಾರಿ, ಕನ್ನಡಕ ಹಣೆಗೇರಿಸಿಕೊಂಡೇ ಅದನ್ನು ಹುಡುಕುತ್ತಾ.

ಅರವತ್ತೊಂದು. ಇಲ್ಲ, ಎಪ್ಪತ್ತೆರಡು ಬರಬೇಕಲ್ಲ, ಕಳೆದ ಸಲ ನಾನೇ ಬರೆದದ್ದು, ನಾನೇ ಸಹಿ ಹಾಕಿದ್ದು. ಇನ್ನೊಂದು ಬಟ್ಟಲು, ಅರವತ್ತೊಂದು. ಮೀಟರು ಕೆಟ್ಟಿರಬೇಕು — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಉಪ್ಪಿನ ದ್ರಾವಣ ಇಟ್ಟರೆ ಎಪ್ಪತ್ತೈದು, ಅದು ತೋರಿಸಬೇಕಾದ್ದೇ ಅಷ್ಟು, ಮೀಟರಿನದೇನೂ ತಪ್ಪಿಲ್ಲ. ಹಾಗಾದರೆ ಆವತ್ತು, ಆವತ್ತು ಅಕ್ಕ ಬಸ್ಸಿನಲ್ಲಿ ಒಂದು ಗಂಟೆ ಡಬ್ಬಿಯನ್ನು ಮಡಿಲಲ್ಲಿಟ್ಟು ಶಾಲು ಹೊದಿಸಿ ತಂದಳು, ಡಬ್ಬಿ ಬೆಚ್ಚಗಿತ್ತು, ಇಲ್ಲಿ ಕೋಣೆ ತಣ್ಣಗೆ, ಮಾದರಿ ತಣಿದು ಕೋಣೆಯಷ್ಟೇ ಆಗುವವರೆಗೆ ಕಾಯಬೇಕು, ಬೆಚ್ಚಗಿದ್ದರೆ ಮೀಟರು ಇಲ್ಲದ ತೇವವನ್ನೂ ತೋರಿಸುತ್ತದೆ, ಹೊಸಬರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ, ಅದನ್ನು ನಾನೇ ಮರೆತೆ, ಅಕ್ಕ ಹೊರಗೆ ಕಾಯುತ್ತಿದ್ದಾಳೆ, ಬೇಗ ಹೇಳಿಬಿಡೋಣ ಅನ್ನುವ ಆತುರ, ಆತುರಗಾರನಿಗೆ ಬುದ್ಧಿ ಮಟ್ಟ. ಇನ್ನೊಂದಿಷ್ಟು ಒಣಗಿಸಿದ್ರೆ ಆಗಲ್ವೇನೆ, ಅಂದಳು, ಹತ್ತು ದಿನ ಮುಚ್ಚಿಟ್ಟಿದ್ದೀಯ, ಒಳಗೆ ಬೂಷ್ಟು ಹುಟ್ಟಿರುತ್ತೆ, ಬೇಡಕ್ಕ, ಅಂದೆ, ದೊಡ್ಡ ಪಂಡಿತೆ ನಾನು. ಅವಳ ಮನೆ ಹಿತ್ತಲಿನ ಗುಂಡಿಗೆ ಹದಿನೆಂಟು ತಟ್ಟೆ ಸುರಿದೆವು, ಒಂದು ಕಡೆ ಅವಳು, ಒಂದು ಕಡೆ ನಾನು, ಕೊನೆಯ ತಟ್ಟೆಯ ಮೂಲೆಯಲ್ಲಿ ಒಂದು ಚೂರು ಉಳಿದಿತ್ತು, ಉಗುರಿನಿಂದ ಎಬ್ಬಿಸಿ ಬಾಯಿಗೆ ಒಯ್ದಳು, ಬೇಡ ಅಂದೆ, ಕೈ ಅಲ್ಲೇ ನಿಂತಿತು, ತಟ್ಟೆಗೂ ಬಾಯಿಗೂ ನಡುವೆ, ಆಮೇಲೆ ಅದನ್ನೂ ಗುಂಡಿಗೇ ಹಾಕಿದಳು.

ಹೇಳದೇ ಇದ್ದರೆ ಯಾರಿಗೆ ಗೊತ್ತಾಗುತ್ತೆ, ಇವತ್ತಿನದು ಪಾಸಾಗಿದೆಯಲ್ಲ, ಆದರೆ ಹೇಳದಿದ್ದರೆ ಇನ್ನು ಮುಂದೆಯೂ ಹೀಗೇ ಕಲ್ಲಾಗುವವರೆಗೆ ಒಣಗಿಸುತ್ತಾಳೆ, ಅಂಗಡಿಯವರು ಒಂದು ತಿಂಗಳು ತಗೊಂಡು ಸಾಕಮ್ಮ ಅಂತಾರೆ, ಅವಳು ತನ್ನ ಕೈಗುಣವೇ ಸರಿಯಿಲ್ಲ ಅಂದುಕೊಳ್ಳುತ್ತಾಳೆ, ಅದು ಆಗಬಾರದು, ನನ್ನ ಮಾನ ಹೋದರೆ ಹೋಗಲಿ. ಗ್ಲೌಸು ಕಳಚಿ ಬಾಗಿಲು ತೆರೆದರೆ ಬೆಂಚಿನಿಂದ ಎದ್ದೇಬಿಟ್ಟಳು, ಏನಾಯ್ತೇ, ಪಾಸಕ್ಕ, ಅದೂ ಪಾಸಾಗಿತ್ತು, ಕಳೆದ ಸಲದ್ದು, ಬೆಚ್ಚಗಿರುವಾಗಲೇ ಹಾಕಿದೆ, ತಪ್ಪು ನನ್ನದು, ನಿನ್ನದಲ್ಲ. ಬಯ್ಯಲಿ, ಇಲ್ಲೇ ಎಲ್ಲರೆದುರು ಬಯ್ದರೂ ಸರಿ, ಅಕ್ಕ ಬಯ್ಯುವುದಿಲ್ಲ, ಶಾಲು ಮಡಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಚುತ್ತಾಳೆ, ಹಂಗಾದ್ರೆ ಆವತ್ತು ಆ ಒಂದು ಚೂರು ತಿನ್ನಬಹುದಿತ್ತು ಅನ್ನು, ಅನ್ನುತ್ತಾಳೆ, ಅಷ್ಟೇ, ಮತ್ತೆ ಅದೇ ಗುಂಡಿ, ಅದೇ ಕೊನೆಯ ತಟ್ಟೆ, ಅವಳ ಬಾಯಿ ಆಗಲೇ ತೆರೆದಿದೆ, ನಾನು ಬೇಡ ಅನ್ನುತ್ತೇನೆ, ತಟ್ಟೆಗೂ ಬಾಯಿಗೂ ನಡುವೆ ಆ ಕೈ, ನಿಂತ ಕೈ, ಆ ಕೈ —