ಎಡಚಕ್ರದ ಹಿಂದಿನ ತೇಪೆ

ಕಪ್ಪು ಬಣ್ಣ ಬಳಿದಿದ್ದರೂ ಆ ಪಿಕಪ್ಪಿನ ಗುರುತು ಶೇಖರನಿಗೆ ಹತ್ತಿತು. ಕಟಪಾಡಿಯ ಅವನ ಗ್ಯಾರೇಜಿಗೆ ಅದನ್ನು ತಂದವರು ಪೆರ್ಡೂರಿನ ಯಜ್ಞನಾರಾಯಣ ಭಟ್ಟರು. ಮದುವೆ, ಉಪನಯನಗಳ ಅಡುಗೆ ವಹಿಸಿಕೊಳ್ಳುವವರು. ಕೊಪ್ಪರಿಗೆ, ಕಡಾಯಿ ಹೇರಿದರೆ ಗಾಡಿಯ ಮುಂಭಾಗ ತೊಟ್ಟಿಲಿನಂತೆ ತೂಗುತ್ತದೆ, ಕಾಯಿಲ್ ಸ್ಪ್ರಿಂಗ್ ತೆಗೆದು ಲಾರಿಗಿರುವ ಹಾಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟು ಕೂರಿಸಿಕೊಡಿ ಎಂದರು. ಆರ್‌ಟಿಒ ಅನುಮತಿಯನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ಗಾಡಿಯನ್ನು ತಮಗೆ ಮಾರಿದ್ದು ಮಣಿಪಾಲದ ಹರ್ಷಿತ್ ಎಂಬವನು ಎಂದೂ ಸೇರಿಸಿದರು. ಶೇಖರ ಕೈಯ ಸ್ಪ್ಯಾನರನ್ನು ಕೆಳಗಿಟ್ಟು, ಬಿಟ್ಟು ಹೋಗಿ, ಚೆನ್ನಾಗಿಯೇ ನೋಡುತ್ತೇನೆ ಎಂದ.

ಮೂರು ವರ್ಷದ ಹಿಂದೆ ಇದೇ ಗಾಡಿ ಕಾರ್ಕಳದ ಹತ್ತಿರದ ಪಾಳು ಕಲ್ಲುಕೋರೆಯಲ್ಲಿ ಮಗುಚಿತ್ತು. ಏರು ಹತ್ತಿಸುವ ಸ್ಪರ್ಧೆ ಅದು. ಗಾಡಿ ಹರ್ಷಿತನದು, ಸ್ಪರ್ಧೆಗೆಂದೇ ಹೊಸದಾಗಿ ಕಿತ್ತಳೆ ಬಣ್ಣ ಹೊಡೆಸಿದ್ದ. ಓಡಿಸಿದವನು ಶೇಖರನ ಹೆಂಡತಿ ಬೇಬಿಯ ತಮ್ಮ ಪ್ರಖ್ಯಾತ್. ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಖಾಸಗಿ ಜಾಗವಾದ್ದರಿಂದ ದೂರು ಎಂದು ಯಾರೂ ಹೋಗಲಿಲ್ಲ, ಯಾವ ಪರೀಕ್ಷೆಯನ್ನೂ ಯಾರೂ ಕೇಳಲಿಲ್ಲ. ಹರ್ಷಿತ್ ಮಾತ್ರ ಸಿಕ್ಕಿದವರಿಗೆಲ್ಲ ಒಂದೇ ಮಾತು ಹೇಳಿದ: ಹುಡುಗ ಕುಡಿದಿದ್ದ, ಗಾಡಿಯ ಅಡಿಯಲ್ಲಿ ಒಂದು ಬೋಲ್ಟೂ ಸಡಿಲ ಇರಲಿಲ್ಲ.

ಪ್ರಖ್ಯಾತ್ ಆಗ ಶಬರಿಮಲೆಗೆ ಮಾಲೆ ಹಾಕಿದ್ದ. ಮಾಲೆ ಹಾಕಿಕೊಂಡೇ ಕುಡಿದನಂತೆ ಎಂದ ಮೇಲೆ ಊರಿನ ಬಾಯಿಗೆ ಬೇರೇನು ಬೇಕು? ನಿಶ್ಚಯವಾಗಿದ್ದ ಮದುವೆ ಮುರಿಯಿತು. ಮಾತನಾಡಿಸಲು ಬಂದವರೂ ಹತ್ತಿರ ಬಗ್ಗಿ ಉಸಿರು ಎಳೆದು ನೋಡುತ್ತಿದ್ದರು. ಕೊನೆಗೆ ಅವನು ಕಾಪುವಿನ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ಕಾಲು ಹೋದದ್ದನ್ನು ಶೇಖರ ಹೇಗೋ ನುಂಗಿಕೊಂಡಿದ್ದ. ಆ ಮಾತನ್ನು ನುಂಗಿರಲಿಲ್ಲ.

ಕಾಯಿಲ್ ಸ್ಪ್ರಿಂಗ್ ಭಾರ ಹೊರುತ್ತದೆ, ಅಷ್ಟೇ. ಮುಂದಿನ ಎರಡು ಚಕ್ರಗಳ ನಡುವಿನ ಅಡ್ಡ ಹೌಸಿಂಗ್ ಹಿಂದೆ ಮುಂದೆ ಸರಿಯದಂತೆ ಹಿಡಿದಿಡಲು ಅದಕ್ಕೆ ಕಬ್ಬಿಣದ ಉದ್ದ ತೋಳುಗಳು ಬೇಕು, ತೋಳುಗಳನ್ನು ಕೂರಿಸಲು ಬ್ರಾಕೆಟ್ಟುಗಳು ಬೇಕು. ಪ್ಲೇಟು ಹಾಗಲ್ಲ. ಭಾರವನ್ನೂ ಹೊರುತ್ತದೆ, ಹೌಸಿಂಗನ್ನೂ ಹಿಡಿಯುತ್ತದೆ. ಆದ್ದರಿಂದ ಪ್ಲೇಟು ಕೂರಿಸುವಾಗ ಹಳೆಯ ಬ್ರಾಕೆಟ್ಟುಗಳನ್ನೆಲ್ಲ ಕತ್ತರಿಸಿ ತೆಗೆಯುವುದು ಮೊದಲ ಕೆಲಸ. ಶೇಖರ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಬಲಗಡೆಯಿಂದ ಪರೀಕ್ಷಿಸುತ್ತ ಬಂದ. ಎಡಚಕ್ರದ ಹಿಂದಿನ ಬ್ರಾಕೆಟ್ಟಿನ ಮೇಲೆ ಅಂಗೈಯಷ್ಟು ಒಂದು ತೇಪೆ ಇತ್ತು, ಸುತ್ತಲೂ ವೆಲ್ಡಿಂಗ್. ಗ್ರೈಂಡರ್ ಹಿಡಿದು ತೇಪೆ ಬಿಡಿಸಿದ.

ಕೆಳಗೆ ಬ್ರಾಕೆಟ್ಟು ಹರಿದಿತ್ತು. ಹರಿದದ್ದರಲ್ಲಿ ಅವನಿಗೆ ಆಶ್ಚರ್ಯವಾಗಲಿಲ್ಲ. ಹರಿದ ಗೆರೆಯ ಮೇಲಿನ ತುದಿಯಲ್ಲಿ, ಬಾಡಿಯ ಗುಳಿ ಮುಚ್ಚಲು ಬಳಿಯುವ ಪುಟ್ಟಿ ಇತ್ತು. ಅದರ ಮೇಲೆ ಕಿತ್ತಳೆ ಬಣ್ಣ. ಗಾಡಿ ಮಗುಚಿದ ಮೇಲೆ ಹೊಡೆಸಿದ ಬಣ್ಣ ಕಪ್ಪು. ಅಂದರೆ ಬಿರುಕು ಸ್ಪರ್ಧೆಗೆ ಮುಂಚೆಯೇ ಇತ್ತು. ಯಾರೋ ಅದನ್ನು ನೋಡಿ, ವೆಲ್ಡಿಂಗ್ ಮಾಡಿಸುವಷ್ಟು ಪುರುಸೊತ್ತಿಲ್ಲದೆ ಪುಟ್ಟಿ ತುಂಬಿಸಿ, ಅದರ ಮೇಲೆ ಬಣ್ಣ ಬಳಿದು, ಕುರಿಯನ್ನು ಹತ್ತಿಸಿದ ಹಾಗೆ ಪ್ರಖ್ಯಾತನನ್ನು ಹತ್ತಿಸಿದ್ದರು.

ಅಂದು ಶೇಖರ ಊಟ ಮಾಡಲಿಲ್ಲ. ಬೇಬಿಗೆ ವಿಷಯ ಹೇಳಿದಾಗ ಅವಳು ಅಳಲಿಲ್ಲ. ಹರ್ಷಿತನನ್ನು ಇದೇ ಗಾಡಿಯಡಿ ಮಲಗಿಸಿ ಜಾಕ್ ಇಳಿಸಿ ಎಂದಳು. ಶೇಖರನೂ ಅದನ್ನು ಯೋಚಿಸದೆ ಇರಲಿಲ್ಲ. ಆದರೆ ಕಾಲಿಗೆ ಕಾಲು ತೆಗೆದರೆ ಪ್ರಖ್ಯಾತನ ಹೆಸರಿಗೆ ಅಂಟಿದ್ದು ಹೋಗುವುದಿಲ್ಲ. ಊರೆಲ್ಲ ನೋಡುವಾಗ ಹರ್ಷಿತನ ಬಾಯಿಂದಲೇ ಅದನ್ನು ಕಕ್ಕಿಸಬೇಕು.

ಭಟ್ಟರನ್ನು ಕರೆಸಿ ಬಿರುಕು ತೋರಿಸಿದ. ಅವರು ಬಗ್ಗಿ ಬಿರುಕನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ, ತಮ್ಮ ಅಡುಗೆಯವರೆಲ್ಲ ಇದರಲ್ಲೇ ಕೂತು ಆಗುಂಬೆ ಘಾಟಿ ಇಳಿದಿದ್ದಾರೆ ಎಂದರು. ಪ್ಲೇಟಿನ ಕೆಲಸ ಒಂದು ವಾರ ತಡವಾಗಲಿ, ಗಾಡಿ ಎಲ್ಲಿಗೆ ಬೇಕಾದರೂ ಒಯ್ಯಿರಿ ಎಂದರು. ಶೇಖರ ತೇಪೆಯನ್ನು ಇದ್ದಲ್ಲೇ ಇಟ್ಟು ನಾಲ್ಕು ಕಡೆ ಚುಕ್ಕೆ ವೆಲ್ಡಿಂಗ್ ಹಾಕಿದ. ಮೇಲೆ ಕಪ್ಪು ಬಣ್ಣ ಬಳಿದು ಕೆಸರು ಮೆತ್ತಿದ.

ಆ ಭಾನುವಾರ ಅದೇ ಕೋರೆಯಲ್ಲಿ ಈ ವರ್ಷದ ಸ್ಪರ್ಧೆ. ಹರ್ಷಿತ್ ಈಗ ಸ್ಪರ್ಧೆ ನಡೆಸುವ ಸಂಘದ ಅಧ್ಯಕ್ಷ. ಹೊರ ಊರಿನವರೂ ಇದ್ದುದರಿಂದ ಮೈಕಿನಲ್ಲಿ ತುಳು ಬಿಟ್ಟು ಕನ್ನಡದಲ್ಲೇ ಸುರಕ್ಷತೆಯ ಬಗ್ಗೆ ಭಾಷಣ ಮಾಡುತ್ತಿದ್ದ. ಕ್ರೇನ್ ಗಾಡಿಯಿಂದ ಪಿಕಪ್ಪನ್ನು ಇಳಿಸುವುದು ಕಂಡು ಮಾತು ನಿಲ್ಲಿಸಿ ಬಂದ.

"ಎಂತ ಶೇಖರಣ್ಣ, ಹಳೆ ಗಾಡಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದದ್ದು? ನಡೆಯುವುದಿಲ್ವಾ?"

ಸುತ್ತಲಿದ್ದವರು ನಕ್ಕರು. ಶೇಖರನೂ ನಕ್ಕ.

"ನಡೆಯುತ್ತದಾ ಅಂತ ನೀನೇ ಹೇಳಬೇಕು ಮಾರಾಯ. ನಾಳೆ ಇದಕ್ಕೆ ಪ್ಲೇಟು ಕೂರಿಸುವುದುಂಟು. ಅದಕ್ಕೆ ಮೊದಲು ಒಮ್ಮೆ ನೀನು ಆ ಏರು ಹತ್ತಿಸಿ ತೋರಿಸು. ಅಡಿಯಲ್ಲಿ ಒಂದು ಬೋಲ್ಟೂ ಸಡಿಲ ಇರಲಿಲ್ಲ ಅಂತ ಹೇಳಿದವ ನೀನಲ್ವಾ?"

ಜನ ಶಿಳ್ಳೆ ಹೊಡೆದರು. ಹರ್ಷಿತ್ ಕೀ ತೆಗೆದುಕೊಂಡ. ಬಾಗಿಲ ತನಕ ಹೋದವನು ನಿಂತ, ಒಮ್ಮೆ ನೋಡಿಕೊಂಡು ಹತ್ತುತ್ತೇನೆ ಎಂದ. ಬಾನೆಟ್ ಎತ್ತಲಿಲ್ಲ. ಬಲಗಡೆಗೆ ಹೋಗಲಿಲ್ಲ. ನೇರವಾಗಿ ಎಡಚಕ್ರದ ಬಳಿ ಮಂಡಿಯೂರಿ, ಹಿಂದಕ್ಕೆ ಕೈ ಹಾಕಿ, ಹೆಬ್ಬೆರಳಿನಿಂದ ಕೆಸರು ಒರೆಸಿ, ತೇಪೆಯನ್ನು ಒತ್ತಿ ನೋಡಿದ. ಅದು ಅಲುಗಿತು. ಎದ್ದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಇದರಲ್ಲಿ ಹತ್ತಲಿಕ್ಕಾಗುವುದಿಲ್ಲ. ಎಡಗಡೆಯದ್ದು ಸರಿ ಇಲ್ಲ."

"ಎಡಗಡೆ ಅಂತ ನಿನಗೆ ಯಾರು ಹೇಳಿದ್ದು?" ಎಂದ ಶೇಖರ.

ಶಿಳ್ಳೆ ನಿಂತಿತು. ಶೇಖರ ಸುತ್ತಿಗೆಯಿಂದ ಒಂದೇ ಪೆಟ್ಟಿಗೆ ತೇಪೆ ಹಾರಿಸಿದ, ಟಾರ್ಚು ಬಿಟ್ಟ. ಗಾಡಿ ಬಲ್ಲವರೇ ಅಲ್ಲಿದ್ದವರು. ಒಬ್ಬೊಬ್ಬರಾಗಿ ಬಗ್ಗಿ ಪುಟ್ಟಿಯನ್ನೂ ಅದರ ಮೇಲಿನ ಕಿತ್ತಳೆ ಬಣ್ಣವನ್ನೂ ನೋಡಿ ಎದ್ದರು. ಎದ್ದವರು ಹರ್ಷಿತನಿಂದ ದೂರ ನಿಂತರು. ಅವನು ಶೇಖರನ ತೋಳು ಹಿಡಿದು ಬದಿಗೆ ಎಳೆದು ದನಿ ತಗ್ಗಿಸಿದ. ಪ್ರಖ್ಯಾತನಿಗೆ ತನ್ನ ಅಂಗಡಿಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆ, ಇಲ್ಲಿಗೆ ಮುಗಿಸುವ ಎಂದ. ಶೇಖರ ತೋಳು ಕೊಡವಿ ಮೈಕನ್ನು ಅವನ ಕೈಗಿಟ್ಟ.

ಆ ದಿನ ಪ್ರಖ್ಯಾತ್ ಕುಡಿದಿರಲಿಲ್ಲ, ಬ್ರಾಕೆಟ್ಟು ಬಿರುಕು ಬಿಟ್ಟಿತ್ತು ಎಂದು ಹರ್ಷಿತ್ ಒಂದೇ ಉಸಿರಿನಲ್ಲಿ ಹೇಳಿದ. ಪುಟ್ಟಿ ತುಂಬಿಸಿದ್ದು ಯಾರು, ಅದನ್ನೂ ಹೇಳು ಎಂದ ಶೇಖರ. ಕೋರೆಯ ಗೋಡೆಗಳಿಗೆ ಬಡಿದು "ನಾನು" ಎಂಬ ಮಾತು ತಿರುಗಿ ಬಂತು.

ಆಗ, ಪಿಕಪ್ಪಿನ ಹಿಂದೆಯೇ ಬಂದು ನಿಂತಿದ್ದ ಭಟ್ಟರ ಕಾರಿನ ಬಾಗಿಲು ತೆರೆಯಿತು. ಬರುವುದಿಲ್ಲ ಎಂದ ತಮ್ಮನನ್ನು ಬೇಬಿ ಬೈದು ಕಳುಹಿಸಿದ್ದಳು. ಪ್ರಖ್ಯಾತ್ ಊರುಗೋಲು ಊರಿಕೊಂಡು, ಜನ ಬಿಟ್ಟ ದಾರಿಯಲ್ಲಿ ನಿಧಾನವಾಗಿ ನಡೆದು ಬಂದು, ಕೈಯಲ್ಲಿದ್ದ ಫೋನನ್ನು ಮೈಕಿನ ಪಕ್ಕ ಹಿಡಿದ.

"ಈಗ ತುಳುವಿನಲ್ಲಿ ಹೇಳು. ಅಮ್ಮ ಲೈನಿನಲ್ಲಿದ್ದಾರೆ. ನಾನು ಕುಡುಕ ಅಂತ ನೀನು ಮನೆಗೆ ಬಂದು ಅವರಿಗೆ ಹೇಳಿದ್ದು ತುಳುವಿನಲ್ಲೇ ಅಲ್ವಾ?"

ಮೈಕ್ ನಿಲ್ಲಿಸಲೆಂದು ಸಂಘದವನೊಬ್ಬ ಜನರೇಟರ್ ಆರಿಸಲು ಹೊರಟ. ಸುತ್ತಿಗೆ ಹಿಡಿದುಕೊಂಡೇ ಶೇಖರ ಅವನಿಗೆ ಅಡ್ಡ ನಿಂತ. ಹರ್ಷಿತ್ ತಲೆ ತಗ್ಗಿಸಿ ತುಳುವಿನಲ್ಲಿ ಹೇಳಿದ, ಪುಟ್ಟಿಯಿಂದ ಹಿಡಿದು ಮಾಲೆಯ ತನಕ ಎಲ್ಲವನ್ನೂ. ಹೇಳಿ ಮುಗಿಸಿ ಮೈಕ್ ಇಳಿಸಿದ.

ಪ್ರಖ್ಯಾತ್ ಫೋನನ್ನು ಸ್ಪೀಕರಿಗೆ ಹಾಕಿದ. ಕಾಪುವಿನಿಂದ ಮುದುಕಿಯ ದನಿ ಬಂತು, ಆತುರವೇ ಇಲ್ಲದ ದನಿ.

"ನನಗೆ ಸರಿಯಾಗಿ ಕೇಳಿಸಲಿಲ್ಲ ಮಗಾ. ಇನ್ನೊಮ್ಮೆ ಹೇಳಲಿಕ್ಕೆ ಹೇಳು."

ಹರ್ಷಿತ್ ಇನ್ನೊಮ್ಮೆ ಹೇಳಿದ.