ಹೆಚ್ಚು ಕೊಟ್ಟವರಿಗೆ ಬಾಗಿಲೆದುರಿನ ಜಾಗ

"ಮಸೀದಿ ಮುಂದೆ ಬಟ್ಟೆ ಹಾಸ್ಕೊಂಡು ಕೂತೋನಿಗೂ ಒಂದು ಮಾನ ಇರುತ್ತೆ. ತನ್ನೂರಲ್ಲೇ ಹಾಸ್ತಾನೆ. ನಮ್ಮ ಎರ್ಮೆಕ್ ನೋಡಿ, ಇಡೀ ಪ್ರಪಂಚದ ಮುಂದೆ ಹಾಸೋಕೆ ಹೊರಟಿದಾನೆ," ಎಂದರು ತುರ್ದಾಕುನ್ ದೊಡ್ಡಪ್ಪ.

ತೊಟ್ಟಿಲ ಹಬ್ಬಕ್ಕೆ ಸೇರಿದ್ದ ಬಳಗವೆಲ್ಲ ನನ್ನನ್ನು ನೋಡಿ ನಕ್ಕಿತು. ದೊಡ್ಡಪ್ಪ ಬೆಂದ ಕುರಿತಲೆಯಿಂದ ಕಿವಿ ಕೊಯ್ದು ನನ್ನ ಕಡೆ ಚಾಚಿದರು. ಕಿವಿ ಮಕ್ಕಳಿಗೆ ಕೊಡುವುದು, ದೊಡ್ಡವರ ಮಾತು ಕೇಳಲಿ ಎಂದು. ನನಗೆ ಇಪ್ಪತ್ಮೂರು. ಎಲ್ಲರೂ ನೋಡುತ್ತಿದ್ದರು, ತಿಂದೆ.

ನಮ್ಮದು ಗುಡಾರದ ಚೌಕಟ್ಟಿಗೆ ಮರ ಬಗ್ಗಿಸುವ ಮನೆತನ. ವಿಲೋ ಕೋಲನ್ನು ಹಬೆಯಲ್ಲಿ ಬೇಯಿಸಿ, ಮೆತ್ತಗಾದ ಕೂಡಲೇ ಬಾಗಿಸಬೇಕು. ನಾನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಆ ಹಬೆಮನೆ ಸೇರಿದವನು. ಬೇರೆ ಕಸುಬು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಕಳೆದ ಚಳಿಗಾಲದ ಹಿಮಕ್ಕೆ ಅದರ ಚಾವಣಿ ಕುಸಿದು ಒಲೆಯೂ ಸೀಳಿತು. ಜಾಗ ದೊಡ್ಡಪ್ಪನ ಹೆಸರಿನಲ್ಲಿದೆ. ವಸಂತದ ನೌರುಜ್ ಹಬ್ಬದೊಳಗೆ ಚಾವಣಿ ಏರದಿದ್ದರೆ ಅಲ್ಲಿ ಕಾರು ತೊಳೆಯುವ ಅಂಗಡಿ ಇಡುತ್ತೇನೆ ಎಂದಿದ್ದರು. ಪಕ್ಕದಲ್ಲೇ ಹೆದ್ದಾರಿ, ಬೇಸಿಗೆಯಲ್ಲಿ ಸರೋವರಕ್ಕೆ ಹೋಗುವ ಕಾರುಗಳ ಸಾಲು. ಅವರ ಯೋಚನೆಯಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು.

ಇಂಟರ್ನೆಟ್ಟಿನಲ್ಲಿ ಚಂದಾ ಎತ್ತೋಣ ಎಂದವಳು ರಾಜಧಾನಿ ಬಿಷ್ಕೆಕ್‌ನಲ್ಲಿ ಓದಿದ ಬೆಗಾಯಿಮ್ ಅಕ್ಕ. ಅವಳು ಮೂರು ವೆಬ್‌ಸೈಟ್ ನೋಡಿಟ್ಟಿದ್ದಳು. ಅಲ್ಲೇ, ಜಿಡ್ಡುಗೈಗಳ ನಡುವೆ, ಫೋನ್ ಎತ್ತಿ ಹಿಡಿದು ವಿವರಿಸಿದಳು.

"ಮೊದಲನೇದ್ರಲ್ಲಿ ಇಷ್ಟು ಬೇಕು ಅಂತ ಹೇಳ್ಬೇಕು. ಅಷ್ಟೂ ಬಂದ್ರೆ ನಮಗೆ. ಒಂದು ಸೋಮ್ ನಾಣ್ಯ ಕಮ್ಮಿಯಾದ್ರೂ ಎಲ್ಲಾ ಕೊಟ್ಟವ್ರಿಗೇ ವಾಪಸ್."

"ವಾಪಸ್ಸಾ?" ಅಜ್ಜಿ ಚಹಾ ಬಟ್ಟಲು ಕೆಳಗಿಟ್ಟಳು. "ಹಬ್ಬಕ್ಕೆ ಉಳಿದವ್ರು ತರಲಿಲ್ಲ ಅಂತ, ತಂದೋನ ಕುರೀನ ಬಾಗಿಲಿಂದ ಅಟ್ತೀವೇನೇ? ಯಾವ ಮನೆಯೋರು ಮಾಡ್ತಾರೆ ಅಂಥ ಕೆಲಸ?"

ಮೊದಲನೆಯದು ಅಲ್ಲಿಗೆ ಮುಗಿಯಿತು.

"ಎರಡನೇದ್ರಲ್ಲಿ ಎಷ್ಟು ಬಂದ್ರೂ ನಮ್ದೇ. ಆದ್ರೆ ಏನಾದ್ರೂ ದುಃಖ ಇರ್ಬೇಕು. ಕಾಯಿಲೆ, ಬೆಂಕಿ, ಅನಾಥ ಮಕ್ಕಳು, ಹಂಗೆ."

"ನನ್ನ ಮಂಡಿ ಇದೆಯಲ್ಲ, ಬರ್ಕೊಳಮ್ಮ," ಎಂದರು ದೊಡ್ಡಪ್ಪ. ಹೌದು, ಅವರೇ, ನನ್ನನ್ನು ಈಗಷ್ಟೇ ಭಿಕ್ಷುಕ ಮಾಡಿದವರು. ಅಜ್ಜಿಯ ಕೋಲು ಇಸಿದುಕೊಂಡು, ಟೋಪಿ ಹಿಂದೆ ಸರಿಸಿ, ನರಳುವವರ ಮುಖ ಮಾಡಿ ನಿಂತರು. ಬೆಗಾಯಿಮ್ ಅಕ್ಕ ಫೋಟೋ ತೆಗೆದು ನೋಡಿದಳು.

"ಮಂಡಿಗಿಂತ ಮುಂಚೆ ಹೊಟ್ಟೆ ಕಾಣ್ತಿದೆ ದೊಡ್ಡಪ್ಪ. ಇದನ್ನ ನೋಡಿದೋರು ನಿಮ್ಮ ಹತ್ರಾನೇ ಸಾಲ ಕೇಳ್ತಾರೆ."

ಮೂರನೆಯದರಲ್ಲೂ ಬಂದದ್ದೆಲ್ಲ ನಮ್ಮದೇ, ನೂರಕ್ಕೆ ಎಂಟು ಅವರು ಮುರಿದುಕೊಳ್ಳುತ್ತಾರೆ. ಆದರೆ ಕೊಟ್ಟವರಿಗೆ ಅವರವರ ಮಟ್ಟಕ್ಕೆ ತಕ್ಕ ಮರುಕಾಣಿಕೆ ಹೇಳಬೇಕು. ಇದನ್ನು ಕೇಳಿದ್ದೇ ಇಡೀ ಪಂಕ್ತಿ ಎದ್ದು ಕೂತಿತು. ಕುರಿಯ ಯಾವ ಎಲುಬು ಯಾರ ಮುಂದೆ ಎಂಬ ಜಗಳದಲ್ಲೇ ಬೆಳೆದ ಜನ ನಾವು. ಹತ್ತು ಡಾಲರಿಗೆ ಪಕ್ಕೆಲುಬು, ಐವತ್ತಕ್ಕೆ ತೊಡೆ ಎಂದು ಕೂಗಾಟ ಶುರುವಾಯಿತು.

"ವಯಸ್ಸು ಗೊತ್ತಿಲ್ದೆ ಎಲುಬು ಹೆಂಗ್ರೋ ಕೊಡೋದು?" ಎಂದಳು ಅಜ್ಜಿ. "ಇಪ್ಪತ್ತರ ಪೋರ ನೂರು ಕೊಟ್ಟ ಅಂತ ಅವನ ಮುಂದೆ ಹಿರಿಯರ ಸೊಂಟದೆಲುಬು ಇಡ್ತೀರಾ?"

"ಎಲುಬು ಅಂಚೇಲಿ ಹೋಗಲ್ಲ ಅಜ್ಜಿ," ಎಂದಳು ಅಕ್ಕ. "ಖರ್ಚಿಲ್ಲದ್ದು ಏನಾದ್ರೂ ಹೇಳಿ."

ಖರ್ಚಿಲ್ಲದ್ದನ್ನು ಬರೆದವನು ನಾನು. ಸಿಟ್ಟಿನ ಭರದಲ್ಲಿ ಫೋನ್ ಕಿತ್ತುಕೊಂಡು ಒತ್ತಿದೆ: ಕೊಟ್ಟವರೆಲ್ಲರ ಹೆಸರು ಪುಟದಲ್ಲಿ, ಅತಿ ಹೆಚ್ಚು ಕೊಟ್ಟವರಿಗೆ ನಮ್ಮ ಹಬೆಮನೆಯಲ್ಲಿ ಬಾಗಿಲೆದುರಿನ ಗೌರವದ ಜಾಗ, ಬದುಕಿರುವ ತನಕ. ಬಾಗಿಲಿಗೆ ಎದುರಾದ ಗೋಡೆಯ ಪಕ್ಕ ನಾವು ಹಿರಿಯ ಅತಿಥಿಯನ್ನು ಕೂರಿಸುವುದು. ಯಾರೋ ಮುದುಕ ಜರ್ಮನ್ ಒಂದು ಬೇಸಿಗೆ ಬಂದು, ಅಲ್ಲಿ ಕೂತು, ಕುದುರೆ ಹಾಲಿನ ಹುಳಿ ಕುಮಿಸ್ ಕುಡಿದು ಮುಖ ಹಿಂಡಿ, ಫೋಟೋ ತೆಗೆಸಿಕೊಂಡು ಹೋಗುತ್ತಾನೆ ಎಂದುಕೊಂಡಿದ್ದೆ.

ಯಾವ ಜರ್ಮನ್ನನೂ ಬರಲಿಲ್ಲ. ಮೊದಲ ಹೆಸರು ಪಕ್ಕದ ಮನೆಯ ಕನಿಶಾಯ್‌ಳದು. ಅವಳ ಹೆಸರು ಕಂಡಿದ್ದೇ ಅವಳ ನಾದಿನಿ ಅದಕ್ಕಿಂತ ಹೆಚ್ಚು ಹಾಕಿದಳು. ಆಮೇಲೆ ಮಾಸ್ಕೋದಲ್ಲಿ ಇಟ್ಟಿಗೆ ಹೊರುವ ನಮ್ಮ ಹುಡುಗರು ಒಬ್ಬರ ಮೇಲೊಬ್ಬರು ಏರಿದರು. ನಮ್ಮ ಗೋಡೆಯಾಚೆಯ ಹಣ ಸಮುದ್ರ ದಾಟಿ, ನೂರಕ್ಕೆ ಎಂಟು ಅಲ್ಲಿ ಬಿಟ್ಟು, ಗೋಡೆಯೀಚೆ ಬರುತ್ತಿತ್ತು.

"ಗೋಡೆ ಮೇಲಿಂದಾನೇ ಕೊಡಬಹುದಿತ್ತಲ್ಲ ಅಕ್ಕ," ಎಂದು ಕನಿಶಾಯ್‌ಳನ್ನು ಕೇಳಿದೆ.

"ಗೋಡೆ ಮೇಲಿಂದ ಕೊಟ್ರೆ ಯಾರು ನೋಡ್ತಾರೆ ಹೇಳು?" ಎಂದಳು.

ಕೊನೆಯ ದಿನ ದೊಡ್ಡಪ್ಪ ಒಂದು ಕುದುರೆ ಮಾರಿ, ಪಟ್ಟಿಯಲ್ಲಿ ಎಲ್ಲರ ತಲೆಯ ಮೇಲೆ ಹೋಗಿ ಕೂತರು. ಮನುಷ್ಯನನ್ನು ತಪ್ಪು ತಿಳಿದಿದ್ದೆ ಎಂದುಕೊಂಡೆ. ಚಾವಣಿ ಏರಿತು, ಹೊಸ ಬಾಯ್ಲರ್ ಬಂತು. ಉದ್ದದ ಕೋಲು ಸಲೀಸಾಗಿ ಒಳಗೆ ಹೋಗಲಿ ಎಂದು ಬಾಗಿಲನ್ನು ಎರಡರಷ್ಟು ಅಗಲ ಮಾಡಿಸಿದವರೂ ಅವರೇ. ಅದಕ್ಕೂ ಕೈಮುಗಿದಿದ್ದೆ.

ನೌರುಜ್ ದಿನ ಬಳಗ ಮತ್ತೆ ಸೇರಿತು. ನಾನು ಮೊದಲ ಕೋಲನ್ನು ಹಬೆಯಿಂದ ತೆಗೆಯುವ ಹೊತ್ತಿಗೆ ಹಾರ್ನ್ ಕೇಳಿಸಿತು. ದೊಡ್ಡಪ್ಪನ ಜೀಪು ಆ ಅಗಲದ ಬಾಗಿಲಿನಿಂದ ಹಿಮ್ಮುಖವಾಗಿ ಒಳಗೆ ಬಂತು, ಎದುರಿನ ಗೋಡೆಗೆ ತಾಗುವ ತನಕ ಬಂತು, ನಿಂತಿತು. ಮೂತಿಯವರೆಗೂ ಕೆಸರು.

"ಮಂಡಿ ಬಗ್ಗಲ್ಲ ನೋಡಿ," ಎಂದರು ಇಳಿಯುತ್ತ. "ನನ್ನ ಜಾಗದಲ್ಲಿ ಇದೇ ಕೂತ್ಕೊಳ್ಳಲಿ." ಬಾಯ್ಲರಿನ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿದರು. "ಬಿಸಿನೀರಿನ ಕಾರ್ ವಾಶ್. ಸರೋವರದ ಈ ದಂಡೇಲಿ ಇನ್ನೊಂದಿಲ್ಲ."

ನಾನು ಅಜ್ಜಿಯ ಮುಖ ನೋಡಿದೆ.

"ಬರೆದೋನು ನೀನೇ ಅಲ್ವೇನೋ," ಎಂದಳು ಅವಳು. "ಕೂತವ್ರನ್ನ ಆ ಜಾಗದಿಂದ ಎಬ್ಬಿಸೋಕಾಗುತ್ತಾ?"

ದೊಡ್ಡಪ್ಪ ನಲ್ಲಿ ತಿರುಗಿಸಿದರು. ನೀರು ಸಣ್ಣಗೆ ಸುರಿಯಿತು. ಅವರಿಗೆ ಸಮಾಧಾನವಾಗಲಿಲ್ಲ.

"ಪಂಪ್ ಒಂದು ಬೇಕಾಗುತ್ತೆ," ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, ತುಂಬ ಪ್ರೀತಿಯಿಂದ: "ಎರ್ಮೆಕ್, ಇದೆಲ್ಲ ತಿಳಿದೋನು ನೀನು. ಆ ಮೂರರಲ್ಲಿ ಪಂಪಿಗೆ ಯಾವ್ದು ಒಳ್ಳೇದಪ್ಪ?"

ಬಳಗ ನನ್ನ ಉತ್ತರಕ್ಕೆ ಕಾಯಿತು. ಯಾರೂ ನಗಲಿಲ್ಲ, ನಿಜವಾಗಿಯೇ ತಿಳಿಯಬೇಕಿತ್ತು ಅವರಿಗೆ. ಕೈಯಲ್ಲಿದ್ದ ಕೋಲು ಆರಿ, ನೆಟ್ಟಗೇ ಗಟ್ಟಿಯಾಗಿತ್ತು. ಅದನ್ನು ಜೀಪಿಗೆ ಒರಗಿಸಿ, ಅಗಲದ ಬಾಗಿಲಿನಿಂದ ಹೊರಗೆ ನಡೆದೆ.